ಶೆವೆಲ್ ಕಾರಿನ ಹಿಂದಿನ ಸೀಟು

“ಹಸಿರು ಅಂತ ಹೇಳಿದ್ದೆ.”

“ಹೇಳಿದ್ರಿ.”

“ಇದು ಕಪ್ಪು.”

“ಮೇಡಮ್ಮಿನ ಕಣ್ಣು ಸರಿ ಉಂಟು,” ಎಂದ ಹ್ಯೂಬರ್ಟ್, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುತ್ತ.

ಸತ್ವಾ ಬಡಾವಣೆಯ ಹ್ಯೂಬರ್ಟ್‌ನ ಆ ಪುಟ್ಟ ಕುಶನ್ ಅಂಗಡಿಯ ನಡುವೆ, ಎರಡು ಸ್ಟೂಲುಗಳ ಮೇಲೆ, 1970ರ ಶೆವರ್ಲೆ ಶೆವೆಲ್ ಕಾರಿನ ಹಿಂದಿನ ಸೀಟು ಕೂತಿತ್ತು. ಉಳಿದ ಕಾರು ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಲ್ಲಿ ಬಣ್ಣಕ್ಕೆ ಕಾಯುತ್ತಿತ್ತು. ಅಬುಧಾಬಿಯ ಅರಬ್ ಶ್ರೀಮಂತರೊಬ್ಬರು ಕೂಡಿಟ್ಟ ಹಳೆಯ ಅಮೆರಿಕನ್ ಕಾರುಗಳಿಗೆ ಅಗಾತಾ ದಾಖಲೆ ಬರೆಯುವವಳು. ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಹಾಗೆಯೇ ಇರಬೇಕು ಎಂಬುದು ಮಾಲೀಕರ ಹಟ. ಹಾಗಿದೆಯೇ ಎಂದು ಮೂರು ಸಲ ನೋಡುವುದು ಅವಳ ಕೆಲಸ, ಅವಳ ಸ್ವಭಾವವೂ ಹೌದು. ಡಿಸ್ಕವರಿ ಗಾರ್ಡನ್ಸ್‌ನ ಮನೆಯ ಬೀಗವನ್ನೂ ಮೂರು ಸಲ ಎಳೆದು ನೋಡದೆ ಅವಳು ಮೆಟ್ಟಿಲಿಳಿಯುತ್ತಿರಲಿಲ್ಲ.

ಮೂರು ವಾರದ ಹಿಂದೆ, ಹಳೆಯ ಮಾಲೀಕರು ಯಾರೋ ಆಮೇಲೆ ಹಾಕಿಸಿದ್ದ ಹೊದಿಕೆ ತೆಗೆದು ಈ ಸೀಟನ್ನು ಬಿಚ್ಚಿದಾಗ ಸ್ಪ್ರಿಂಗುಗಳ ನಡುವೆ ಹಳದಿಗಟ್ಟಿದ ಕಾಗದವೊಂದು ಸಿಕ್ಕಿತ್ತು. ಈ ಕಾರಿಗೆ ಯಾವ ಎಂಜಿನ್, ಯಾವ ಬಣ್ಣ, ಯಾವ ಸೀಟು ಎಂದು ಕಾರ್ಖಾನೆಯವರು ಅಚ್ಚು ಹಾಕಿದ ಪಟ್ಟಿ. ಕೆಲಸ ಮುಗಿಸಿದ ಯಾರೋ ಅದನ್ನು ಅಲ್ಲೇ ತುರುಕಿ ಮನೆಗೆ ಹೋಗಿದ್ದ. ಹ್ಯೂಬರ್ಟ್ ಟಾರ್ಚ್ ಹಿಡಿದಿದ್ದ, ಅವಳು ಓದಿದ್ದಳು. ಸೀಟು: ಹಸಿರು.

ಅಂದು ಅವನು ಎಷ್ಟು ಖುಷಿಯಲ್ಲಿದ್ದ!

“ನೀವು ಎಂಜಿನ್ ನೋಡಿ ಚರಿತ್ರೆ ಬರೀರಿ, ನನಗೆ ಸೀಟು ಸಾಕು,” ಎಂದಿದ್ದ. “ಐವತ್ತರ ದಶಕದ್ದು ನೋಡಿ, ಹಿಂದೆ ಮೀನಿನ ರೆಕ್ಕೆ, ಮುಂದೆ ಸೋಫಾ. ಗಂಡ ಹೆಂಡತಿ ಅಂಟಿ ಕೂತು ಊರೆಲ್ಲ ಸುತ್ತಬಹುದು. ಅರವತ್ತಕ್ಕೆ ಬಂದ್ರೆ ಎಲ್ಲರಿಗೂ ಸ್ಪೀಡಿನ ಹುಚ್ಚು. ಸೀಟು ಎರಡು ತುಂಡಾಯ್ತು, ನಡುವೆ ಗೇರು ಬಂತು. ಪ್ರೀತಿಗೆ ಅಡ್ಡ ಬಂದದ್ದೇ ಆ ಗೇರು ಮಾರಾಯ್ರೆ.”

“ಎಪ್ಪತ್ತರಲ್ಲಿ?”

“ಪೆಟ್ರೋಲಿಗೆ ಬೆಂಕಿ ರೇಟು. ಎಂಜಿನ್ ಸೊರಗಿತು. ಅದು ಗೊತ್ತಾಗದ ಹಾಗೆ ಒಳಗೆ ಮಖಮಲ್ ಹಾಕಿದ್ರು.”

ಅಗಾತಾ ಬಾಯಿ ಮುಚ್ಚಿ ನಕ್ಕಿದ್ದಳು. ಅಮೆರಿಕದಲ್ಲಿ ಕಾರು ಕುಗ್ಗಿದ ಆ ವರ್ಷಗಳಲ್ಲೇ ಇಲ್ಲಿ ರಸ್ತೆಗಳು ಅಗಲವಾದವು ಎಂದು ಮರುದಿನ, ಕಾರಿನ ಪಕ್ಕ ನಿಲ್ಲಿಸುವ ಪರಿಚಯ ಫಲಕಕ್ಕೆ ಒಂದು ಸಾಲು ಬರೆದೂ ಇದ್ದಳು.

ಇಂದು ಅವನ ಮುಖದಲ್ಲಿ ಆ ನಗೆ ಇರಲಿಲ್ಲ.

“ಸೀಟಿನ ಹೊದಿಕೆ ಬಿಗಿಯುವ ಕೊಕ್ಕೆಗೆ ಸಿಕ್ಕಿಕೊಂಡಿದ್ದ ಚೂರು ಅವತ್ತೇ ತೋರಿಸಿದ್ದೆ. ಕಪ್ಪು ರೆಕ್ಸಿನ್. ಫ್ಯಾಕ್ಟರಿಯವರೇ ಹಾಕಿದ ಕೊಕ್ಕೆ ಅದು.”

“ಕಾಗದದಲ್ಲಿ ಹಸಿರು ಅಂತ ಉಂಟಲ್ಲ?”

“ಉಂಟು. ಕಾಗದವನ್ನು ನಂಬ್ತೀರಿ, ನನ್ನನ್ನು ನಂಬೂದಿಲ್ಲ. ಆಯ್ತು. ಆದ್ರೆ ಗೊತ್ತಿದ್ದೂ ಸುಳ್ಳು ಹೊಲೀಲಿಕ್ಕೆ ನನ್ನ ಕೈ ಒಪ್ಪೂದಿಲ್ಲ.”

ಅವಳು ಮ್ಯಾನೇಜರ್ ಶಾಮಸುಂದರರಿಗೆ ಎರಡೇ ಸಾಲು ಬರೆದಳು: ಸೂಚನೆಯಂತೆ ಕೆಲಸ ಆಗಿಲ್ಲ, ಬಣ್ಣ ತಪ್ಪಿದೆ. ತೂಗಿ ತೂಗಿ ಬರೆದ ಮಾತು. ಮರುದಿನವೇ ಉತ್ತರ ಬಂತು. ಗುರುವಾರ ಸೀಟನ್ನು ಹಿಂದಕ್ಕೆ ತರಿಸುತ್ತಾರೆ. ಉಳಿದ ಹನ್ನೊಂದು ಕಾರುಗಳ ಕೆಲಸ ಬೇರೆಯವರಿಗೆ. ಆ ಹನ್ನೊಂದನ್ನು ನೆಚ್ಚಿಯೇ ಹ್ಯೂಬರ್ಟ್ ಪರರ ಕೈಕೆಳಗಿನ ದುಡಿಮೆ ಬಿಟ್ಟು ಸ್ವಂತ ಅಂಗಡಿ ಇಟ್ಟಿದ್ದ. ಅವು ಹೋದರೆ ಅಂಗಡಿಗೆ ಬೀಗ, ಅವನಿಗೆ ಮಂಗಳೂರಿನ ವಿಮಾನ.

ಗುರುವಾರ ಬೆಳಿಗ್ಗೆ ಅವಳು ವರ್ಕ್‌ಶಾಪಿನ ಆಫೀಸಿನಲ್ಲಿ ಶೆವೆಲ್‌ನ ಫಲಕ ಬರೆಯಲು ಕುಳಿತಳು. ಕಾಗದದಲ್ಲಿದ್ದ ಕಾರಿನ ನಂಬರನ್ನು ಇಳಿಸಿಕೊಂಡು, ಎದ್ದು ಹೋಗಿ, ಕಾರಿನ ಗಾಜಿನಡಿ ಬಡಿದ ತಗಡಿನ ಪಟ್ಟಿಗೆ ತಾಳೆ ನೋಡಿದಳು. ಕಾಗದದ ಕೊನೆಯಂಕಿ ಏಳು. ತಗಡಿನದು ಎಂಟು.

ಮೂರು ಸಲ ನೋಡಿದಳು. ಎಂಟೇ.

ಕಾಗದ ಈ ಕಾರಿನದ್ದಲ್ಲ, ಸಾಲಿನಲ್ಲಿ ಇದಕ್ಕಿಂತ ಮುಂದಿದ್ದ ಕಾರಿನದ್ದು. ನಲವತ್ತನಾಲ್ಕು ವರ್ಷದ ಹಿಂದೆ ಯಾರೋ ಕೈಗೆ ಸಿಕ್ಕಿದ್ದನ್ನು ಕೈಗೆ ಸಿಕ್ಕ ಸೀಟಿಗೆ ತುರುಕಿದ್ದ. ಅಂಥ ಎಡವಟ್ಟು ಆಗುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲು ನಂಬರ್, ಆಮೇಲೆ ಉಳಿದದ್ದು ಎಂಬುದು ಈ ಕೆಲಸದ ಮೊದಲ ಪಾಠ. ಕಾರಿನ ನಂಬರು ಬರೆದಿಟ್ಟಿದ್ದ ನೋಟ್‌ಬುಕ್ ಅಂದು ಅವಳ ಬ್ಯಾಗಿನಲ್ಲೇ ಇತ್ತು. ತೆರೆದಿರಲಿಲ್ಲ. ಯಾಕೆ ತೆರೆಯಲಿಲ್ಲ ಎಂಬುದೂ ಗೊತ್ತಿತ್ತು. ನೆನೆದರೆ ಕಿವಿ ಬಿಸಿಯಾಗುತ್ತಿತ್ತು.

“ಮೂರು ಸಲ ನೋಡುವವಳು ನೀನು. ಹೇಗಮ್ಮ ತಪ್ಪಿತು?” ಶಾಮಸುಂದರರು ಕನ್ನಡಕ ತೆಗೆದರು.

“ಲಕ್ಷ್ಯ ಬೇರೆ ಕಡೆ ಇತ್ತು ಸರ್.”

“ಎಲ್ಲಿ?”

“ಅದನ್ನು ಮೊದಲು ಇನ್ನೊಬ್ಬರಿಗೆ ಹೇಳಬೇಕು ಸರ್. ತಪ್ಪು ನನ್ನದೇ ಅಂತ ಬರೆದು ಸಹಿ ಹಾಕಿದ್ದೇನೆ. ಮಾಲೀಕರಿಗೆ ಕಳಿಸಿ.”

“ನಿನ್ನ ಪ್ರೊಬೇಶನ್ ಮುಗಿದಿಲ್ಲ. ಇದು ಅವರ ಕೈಗೆ ಹೋದ್ರೆ ನಿನ್ನ ಕೆಲಸಕ್ಕೆ ನಾನು ಜವಾಬ್ದಾರ ಅಲ್ಲ.”

ಅಗಾತಾ ಕಾಗದವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. “ಕಳಿಸಿ ಸರ್.”

“ಅಲಿಕುಂಞಿ ಪಿಕಪ್ ತಗೊಂಡು ಸೀಟು ತರಲಿಕ್ಕೆ ಹೊರಟಾಯ್ತು,” ಎಂದು ಅವರು ಹೇಳುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

ಟ್ಯಾಕ್ಸಿ ಸತ್ವಾ ತಲುಪಿದಾಗ ಸೀಟು ಆಗಲೇ ಫುಟ್‌ಪಾತಿಗೆ ಬಂದಿತ್ತು. ಡ್ರೈವರ್ ಅಲಿಕುಂಞಿ ಪಿಕಪ್ಪಿನ ಹಿಂಬಾಗಿಲು ತೆಗೆಯುತ್ತಿದ್ದ. ಹ್ಯೂಬರ್ಟ್ ಕೈಕಟ್ಟಿ ನಿಂತಿದ್ದ. ಅಗಾತಾ ಯಾರೊಂದಿಗೂ ಮಾತಾಡದೆ ನೇರ ಹೋಗಿ ಆ ಸೀಟಿನ ಮೇಲೆ ಕುಳಿತುಬಿಟ್ಟಳು.

“ಎಂಥ ಸಿಸ್ಟರ್ ಇದು?” ಅಲಿಕುಂಞಿ ಗಾಬರಿಯಾದ. “ಏಳಿ, ಪಾರ್ಕಿಂಗ್ ಫೈನ್ ಬೀಳ್ತದೆ.”

“ಐದು ನಿಮಿಷ ಕಾಕ.” ಅವಳು ಹ್ಯೂಬರ್ಟ್‌ನತ್ತ ತಿರುಗಿದಳು. “ಕಪ್ಪೇ ಸರಿ. ಆ ಕಾಗದ ಬೇರೆ ಕಾರಿನದ್ದು. ನಾನು ನಂಬರ್ ನೋಡಿರಲಿಲ್ಲ. ಹಾಗಂತ ಆಫೀಸಿಗೆ ಬರೆದುಕೊಟ್ಟು ಬಂದೆ.”

“ನೀವು? ನಂಬರ್ ನೋಡ್ಲಿಲ್ವಾ?”

“ಟಾರ್ಚ್ ಹಿಡಿದದ್ದು ನೀವಲ್ವಾ?”

“ಬೆಳಕು ಸಾಕಾಗ್ಲಿಲ್ವಾ?”

“ಧಾರಾಳ ಇತ್ತು.” ಅವಳು ಉಸಿರು ಎಳೆದುಕೊಂಡಳು. ಬಸ್ಸಿನ ಹಾರ್ನ್ ಮುಗಿಯಲಿ ಎಂದು ಕಾದಳು. ಈ ಮಾತನ್ನು ಎರಡನೇ ಸಲ ಹೇಳುವ ಧೈರ್ಯ ಅವಳಿಗಿರಲಿಲ್ಲ. “ನಾನು ಕಾಗದ ನೋಡ್ತಾ ಇರ್ಲಿಲ್ಲ. ನಿಮ್ಮ ಕೈ ನೋಡ್ತಾ ಇದ್ದೆ.”

ಅಲಿಕುಂಞಿಗೆ ಇದ್ದಕ್ಕಿದ್ದಂತೆ ಎದುರಿನ ಟೈಲರ್ ಅಂಗಡಿಯ ಬೋರ್ಡು ಓದುವ ಆಸೆಯಾಯಿತು.

ಹ್ಯೂಬರ್ಟ್ ತನ್ನ ಕೈಗಳನ್ನೇ ನೋಡಿಕೊಂಡ. ಸೂಜಿ ಚುಚ್ಚಿ ಗಟ್ಟಿಯಾದ ಬೆರಳು, ಉಗುರಿನಡಿ ಅಂಟು. ಆಮೇಲೆ ಬಂದು ಸೀಟಿನ ಇನ್ನೊಂದು ತುದಿಯಲ್ಲಿ ಕುಳಿತ. ನಡುವೆ ಒಬ್ಬರು ಆರಾಮವಾಗಿ ಕೂರುವಷ್ಟು ಜಾಗ.

“ಹಿಂದಿನ ಸೀಟಿಗೆ ಗೇರಿಲ್ಲ,” ಎಂದಳು ಅಗಾತಾ, ರಸ್ತೆ ನೋಡುತ್ತ.

ಅವನು ಸರಿದು ಕೂತ.

ಅಲಿಕುಂಞಿಯ ಫೋನು ಬಡಿದುಕೊಂಡಿತು. ಶಾಮಸುಂದರರು. ಕೇಳಿಸಿಕೊಂಡು ಅವನು ವರದಿ ಒಪ್ಪಿಸಿದ: “ಸೀಟು ಇಲ್ಲೇ ಇರ್ಲಿಯಂತೆ. ಹನ್ನೊಂದು ಕಾರೂ ಇವರಿಗೇ. ಸಿಸ್ಟರಿನ ವಿಷಯ ಮಾಲೀಕರು ಭಾನುವಾರ ಮಾತಾಡ್ತಾರಂತೆ.”

“ಕೆಲಸ ಹೋಗಬಹುದು,” ಎಂದಳು ಮೆಲ್ಲಗೆ.

“ಹೊಲಿಗೆ ಬರ್ತದಾ?”

“ಇಲ್ಲ.”

“ಅಳತೆ ಮೂರು ಸಲ ನೋಡ್ಲಿಕ್ಕೆ ನನಗೊಬ್ಬರು ಬೇಕಿತ್ತು.” ಅವನ ತುಟಿಯಂಚಿಗೆ ಮೂರು ವಾರದ ಹಿಂದಿನ ನಗೆ ಮರಳಿತ್ತು. “ಅಂಗಡಿಗೆ ಅಂತ ಮಾತ್ರ ಅಲ್ಲ ಅಗಾತಾ.”

ಮೇಡಂ ಎನ್ನದೆ ಅವನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಅವಳು ಅವನ ಕೈಯನ್ನು ಹಿಡಿದುಕೊಂಡಳು. ಸರಿಯೋ ತಪ್ಪೋ ಎಂದು ಒಂದು ಸಲವೂ ಯೋಚಿಸಲಿಲ್ಲ.

“ಯಲ್ಲಾ, ಬೇಗ ಬೇಗ,” ಎಂದ ಅಲಿಕುಂಞಿ, ಬೋರ್ಡಿನಿಂದ ಕಣ್ಣು ತೆಗೆಯದೆ. “ಮಾತು ಖಲಾಸ್ ಆದ್ರೆ ಇಬ್ಬರೂ ಏಳಿ. ಒಳಗೆ ಹೊರಲಿಕ್ಕೆ ನನ್ನ ಸೊಂಟ ಕೇಳೂದಿಲ್ಲ.”

ಒಂದು ತುದಿಯನ್ನು ಹ್ಯೂಬರ್ಟ್ ಎತ್ತಿದ, ಇನ್ನೊಂದನ್ನು ಅಗಾತಾ.