ಅಣ್ಣ ಕಚ್ಚಿಟ್ಟ ರೊಟ್ಟಿ

"ಆಟಕ್ಕೆ ಬಾ, ಬೇಡ ಅನ್ನಲ್ಲ. ಆದ್ರೆ ರೊಟ್ಟಿ ಮಾತ್ರ ನಿಂದೇ ಆಗಿರ್ಲಿ ಕಣೇ ಅಂಜುರತ್. ನಿನ್ನ ಹಲ್ಲಿಂದ ಕಚ್ಚಿದ್ದು. ಬೇರೆ ಯಾರದ್ದೂ ತೋರಿಸ್ಬೇಡ."

ನಜಾಕತ್ ಇದನ್ನು ತಲೆಯೆತ್ತದೆ ಹೇಳಿದಳು. ಅವಳ ಬೆರಳುಗಳು ಒಣ ಜರ್ದಾಲು ಹಣ್ಣುಗಳ ರಾಶಿಯಲ್ಲಿ ಓಡುತ್ತಲೇ ಇದ್ದವು. ಹುಳುಕು ಎಡಕ್ಕೆ, ಒಳ್ಳೆಯದು ಬಲಕ್ಕೆ. ಇಸ್ಫರಾ ಊರಿನ ಆ ಉದ್ದನೆಯ ಶೆಡ್ಡಿನಲ್ಲಿ ಚಳಿಗಾಲವಿಡೀ, ಹಣ್ಣು ಕೆಡದಂತೆ ಹಾಕುವ ಗಂಧಕದ ಹೊಗೆಯ ವಾಸನೆ. ಕೂದಲಿಗೆ, ಶಾಲಿಗೆ, ಉಗುರಿನ ಸಂದಿಗೆ ಒಮ್ಮೆ ಅಂಟಿತೆಂದರೆ ಶುಕ್ರವಾರದ ಸ್ನಾನಕ್ಕೂ ಬಿಡದು.

ಅಂಜುರತ್ ನಕ್ಕಳು. "ಫೋನಿನೊಳಗಿನ ಜೈಲು. ಅಕ್ಷರದ ಗೋಡೆ, ಅಕ್ಷರದ ಬೇಡಿ. ಅದಕ್ಕೆ ನಿಜವಾದ ರೊಟ್ಟಿ ಯಾಕಮ್ಮಾ ತಾಯಿ? ನಿಮ್ಮ ದಾರೋಗಾಗೆ ಅಷ್ಟು ಹಸಿವಾ?"

"ನಗಬೇಡ."

"ನಗದೆ ಅಳಲಾ?"

ಒಂದು ತಿಂಗಳಿನಿಂದ ನಜಾಕತ್ ಊಟದ ಬಿಡುವಿನಲ್ಲಿ ಮೂಲೆಗೆ ಸರಿದು ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಕಾಡಿಸಿ, ಪೀಡಿಸಿ ಅಂಜುರತ್ ಗುಟ್ಟು ಹೊರಗೆಳೆದಿದ್ದಳು. ಅದೊಂದು ಗುಂಪು, ನಲವತ್ತು ಜನ, ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಎಂದೂ ಇದ್ದಿರದ ಒಬ್ಬ ಅಮೀರನ, ಎಂದೂ ಇದ್ದಿರದ ಒಂದು ನೆಲದಡಿಯ ಸೆರೆಯನ್ನು ಎಲ್ಲರೂ ಸೇರಿ ಕಲ್ಪಿಸಿಕೊಂಡಿದ್ದರು. ಅದಕ್ಕೆ 'ಕೆಳಮನೆ' ಎಂದು ಹೆಸರು. ಬಾಗಿಲಿಲ್ಲ, ಮೆಟ್ಟಿಲಿಲ್ಲ, ಮೇಲೊಂದು ದುಂಡು ಕಂಡಿ, ಅದರಿಂದ ಇಳಿಬಿದ್ದ ಹಗ್ಗ. ಸೂರ್ಯ ಮುಳುಗುವ ಹೊತ್ತಿಗೆ ದಾರೋಗಾ ಎನ್ನುವ ಸೆರೆಯ ಕಾವಲುಗಾರ ಹೆಸರು ಕೂಗುತ್ತಾನೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕೈದಿ ಆ ದಿನ ಕಂಡದ್ದು, ಉಂಡದ್ದು, ಅತ್ತದ್ದು ಬರೆಯುತ್ತಾರೆ.

ಸೇರುವುದಕ್ಕೆ ಒಂದೇ ಕಟ್ಟಳೆ. ಊರು ಬಿಟ್ಟು ಹೋಗುವವರು ಹೊಸ್ತಿಲಲ್ಲಿ ನಿಂತು ರೊಟ್ಟಿಗೊಮ್ಮೆ ಹಲ್ಲು ಹಾಕಿ ಹೋಗುತ್ತಾರಲ್ಲ, ಉಳಿದದ್ದನ್ನು ಮನೆಯವರು ಮೊಳೆಗೆ ತೂಗುಹಾಕಿ ಕಾಯುತ್ತಾರಲ್ಲ, ಹಾಗೆಯೇ ಕೈದಿಯೂ ಒಂದು ರೊಟ್ಟಿ ಕಚ್ಚಿ ಮನೆಯಲ್ಲಿ ತೂಗುಹಾಕಿ ಚಿತ್ರ ಕಳಿಸಬೇಕು. ಆಟ ಸಾಕೆನಿಸಿದ ದಿನ ಆ ಪಾಲನ್ನು ತಿಂದು ಮುಗಿಸಿ ಹೊರಬರಬೇಕು.

ಮಾತಿನ ನಡುವೆ ಅಂಜುರತ್‌ಳ ಮಡಿಲಿನಿಂದ ರೊಟ್ಟಿಯ ಪುಡಿಯೊಂದು ನೆಲಕ್ಕೆ ಬಿತ್ತು. ಅವಳು ನೋಡಲೂ ಇಲ್ಲ. ಕೈ ತಾನಾಗಿ ಬಾಗಿ ಅದನ್ನು ಎತ್ತಿ, ತುಟಿಗೆ ಮುಟ್ಟಿಸಿ, ಹಣೆಗೊತ್ತಿ, ಬಾಯಿಗೆ ಹಾಕಿತು.

"ಯಾವುದನ್ನೂ ನಂಬಲ್ಲ ಅಂತೀಯ, ಬಿದ್ದ ಪುಡೀನ ಮಾತ್ರ ಬಿಡಲ್ಲ," ಎಂದಳು ನಜಾಕತ್.

"ಅದು ನಂಬಿಕೆ ಅಲ್ಲ ಕಣೇ, ಅಭ್ಯಾಸ. ಅಮ್ಮ ಹಾಲಿನ ಜೊತೆ ಕುಡಿಸಿದ್ದು."

ಬುಧವಾರ ಸಂಜೆ ಅವಳು ಮನೆ ತಲುಪುವಾಗ ಬಿಸಿಲು ಬೆಟ್ಟದ ನೆತ್ತಿಯಲ್ಲಿತ್ತು. ಡಬ್ಬಿಯಲ್ಲಿ ರೊಟ್ಟಿಯ ಮುರಿದ ತುಂಡುಗಳಷ್ಟೇ ಉಳಿದಿದ್ದವು. ಅಮ್ಮ ಒಲೆ ಹಚ್ಚುವುದು ನಾಳೆ. ಗೂಡಿನ ಪಕ್ಕದ ಮೊಳೆಯಲ್ಲಿ ಅಣ್ಣ ಖುರ್ಸಂದನ ರೊಟ್ಟಿ ತೂಗುತ್ತಿತ್ತು. ರಷ್ಯಾದ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗುವ ದಿನ ಅವನು ಕಚ್ಚಿಟ್ಟದ್ದು, ಮೂರು ವರ್ಷದ ಹಿಂದೆ. ನಡುವೆ ಅಮ್ಮ ಹಸಿ ರೊಟ್ಟಿಗೊತ್ತುವ ಅಚ್ಚಿನ ಏಳೆಸಳ ಹೂವು. ಅಂಚಿನಲ್ಲಿ ಕಚ್ಚಿದ ಗುರುತು. ಆ ಗುರುತಿನ ಮಧ್ಯೆ ಒಂದು ಸಣ್ಣ ದಿಣ್ಣೆ, ಯಾಕೆಂದರೆ ಚಿಕ್ಕವನಿದ್ದಾಗ ಜರ್ದಾಲು ಮರದಿಂದ ಬಿದ್ದು ಅವನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ದಿನಾ ಬೆಳಗಿನ ನಮಾಜು ಮುಗಿಸಿ ಅಮ್ಮ ಆ ರೊಟ್ಟಿಯನ್ನು ಮುಟ್ಟಿ, ತನ್ನ ಅಜ್ಜಿಯಿಂದ ಬಂದ, ಹೋದವನ ಕಚ್ಚನ್ನು ಅರ್ಧಚಂದ್ರನೆನ್ನುವ ಎರಡು ಸಾಲಿನ ಬೈತನ್ನು ರಾಗವಾಗಿ ಹೇಳುತ್ತಿದ್ದಳು:

"ಹೋದವನ ಪಾಲುಂಟು ಗೋಡೆಯಲಿ, ದಾರಿಯೇ ಕೇಳು;
ಅರ್ಧಚಂದ್ರನ ಮರಳಿ ತಾ, ತುಂಬಲಿ ನಮ್ಮ ಬಾಳು."

ದಾರಿ ಕೇಳಿಸಿಕೊಂಡಿತ್ತು. ನವ್ರೋಜ್ ಹಬ್ಬಕ್ಕೆ ಬರುತ್ತೇನೆಂದು ಖುರ್ಸಂದ್ ಟಿಕೇಟು ತೆಗೆಸಿದ್ದ.

'ಒಂದು ಚಿತ್ರ ತಾನೆ,' ಎಂದುಕೊಂಡಳು ಅಂಜುರತ್. ರೊಟ್ಟಿಯ ಧೂಳು ಊದಿ, ಕಿಟಕಿಯ ಬೆಳಕಿಗೆ ಹಿಡಿದು ಚಿತ್ರ ತೆಗೆದು ಕಳಿಸಿದಳು.

ದಾರೋಗಾನ ಉತ್ತರ ಕಣ್ಣೆವೆ ಇಕ್ಕುವುದರೊಳಗೆ ಬಂತು. 'ಇದು ಯಾರ ಕಚ್ಚು?'

'ನನ್ನದೇ,' ಎಂದು ಬರೆದಳು.

ಆಮೇಲೆ: 'ಕಚ್ಚಿದವರು ಬರಲಿ.'

ಮೊಳೆಗೆ ಮರಳಿ ತೂಗುಹಾಕುವಾಗ ರೊಟ್ಟಿ ಬಾವಿಯ ತಳದ ಕಲ್ಲಿನಂತೆ ತಣ್ಣಗಿತ್ತು. ಅಂಗಳದಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತಳು.

"ಯಾಕೇ ಮುಟ್ಟಿದೆ ಅದನ್ನ?"

"ಧೂಳು ಒರೆಸ್ದೆ ಅಮ್ಮ."

ಅಂದಿನಿಂದ ಆಟ ಒಂದು ಬಗೆಯಾಗಿ ಕೆಟ್ಟಿತು. ಅಂಜುರತ್ ಬರೆದದ್ದಕ್ಕೆ ಯಾರೂ ಉತ್ತರಿಸುತ್ತಿರಲಿಲ್ಲ. ಹೆಸರು ಕೂಗುವಾಗ ದಾರೋಗಾ ಅವಳನ್ನು ದಾಟಿ ಹೋಗುತ್ತಿದ್ದ. ಕೊನೆಯಲ್ಲಿ ಕೆಳಮನೆಯ ತಳದ ಕೋಣೆಯ ಬಗ್ಗೆ ಒಂದು ಸಾಲು ಮಾತ್ರ ಸೇರಿಸುತ್ತಿದ್ದ: 'ಕೆಳಕೋಣೆಯಲ್ಲಿ ಒಬ್ಬ. ಎರಡನೇ ಕೂಗು.' ಮರುದಿನ, 'ಮೂರನೇ ಕೂಗು.'

ಶುಕ್ರವಾರದ ನಮಾಜಿನ ಬಳಿಕ ಖುರ್ಸಂದನ ಕರೆ ತಪ್ಪಿದ್ದಿಲ್ಲ. ಈ ಶುಕ್ರವಾರ ಬರಲಿಲ್ಲ. ಶನಿವಾರ ಬಂದದ್ದು ಅವನ ಜೊತೆಗಾರನ ಕರೆ. ಅಮ್ಮ ಫೋನನ್ನು ಎರಡೂ ಕೈಯಿಂದ ಹಿಡಿದು ಕೂತಳು.

"ಅಮ್ಮ, ಹೆದರಬೇಡಿ. ಬುಧವಾರ ಸಂಜೆಯಿಂದ ಅವನು ಕಾಣ್ತಿಲ್ಲ. ಜಾಕೆಟ್ಟು ಇಲ್ಲೇ ಇದೆ, ಬೂಟು ಇಲ್ಲೇ ಇದೆ. ನಾನು ಸಕ್ಕರೆ ತರೋಕೆ ಆ ಕಡೆ ತಿರುಗಿದೆ ಅಷ್ಟೇ. ವಾಪಸ್ ನೋಡಿದ್ರೆ ಲೋಟದಲ್ಲಿ ಚಮಚ ಇನ್ನೂ ತಿರುಗ್ತಿದೆ, ಅವನಿಲ್ಲ. ಹೊರಗೆ ಹೊಸ ಹಿಮ ಬಿದ್ದಿತ್ತು ಅಮ್ಮ. ಅದರ ಮೇಲೆ ಒಂದು ಹೆಜ್ಜೆನೂ ಇಲ್ಲ."

ಅಮ್ಮ ಅಳಲಿಲ್ಲ. ಎದ್ದು ಮೊಳೆಯ ಕೆಳಗೆ ಹೋಗಿ ಕೂತಳು. "ಅವನ ಪಾಲು ಇನ್ನೂ ಇದೆ," ಎಂದಳು. "ಪಾಲು ಇರೋವರೆಗೂ ಅವನೂ ಇರ್ತಾನೆ." ಆ ದಿನದಿಂದ ಅವಳು ಒಲೆ ಹಚ್ಚಲಿಲ್ಲ.

ಸಂಜೆ ಕರೆಂಟು ಹೋಯಿತು. ಕೋಣೆಯ ಮೂಲೆಗಳಿಂದ ಕತ್ತಲು ನೀರಿನಂತೆ ಏರಿತು. ಅಂಜುರತ್‌ಳ ಕೈಯಲ್ಲಿ ಫೋನು ಬೆಳಗಿತು. ಕೆಳಕೋಣೆ ಮೊದಲ ಸಲ ಮಾತಾಡುತ್ತಿತ್ತು.

'ಯಾರಾದ್ರೂ ಇದ್ದೀರಾ? ಇದು ಯಾವ ಜಾಗ? ಕೈ ಚಾಚಿದರೆ ಗೋಡೆ. ಎಲ್ಲ ಕಡೆ ಗಂಧಕದ ವಾಸನೆ. ನಮ್ಮೂರಿನ ಶೆಡ್ಡಿನ ವಾಸನೆ. ನನ್ನ ಕಾಲಲ್ಲಿ ಬೂಟಿಲ್ಲ.'

'ಆಹಾ! ಹೊಸಬ ಏನು ಚೆನ್ನಾಗಿ ಬರೀತಾನೆ!' ಎಂದು ಒಬ್ಬರು ಬರೆದರು. 'ಮೈ ನಡುಗಿತು, ಮುಂದುವರಿಸಿ,' ಎಂದರು ಇನ್ನೊಬ್ಬರು.

'ಬರೀತಿಲ್ಲ, ಕೂಗ್ತಿದ್ದೀನಿ! ಮೇಲೆ ಯಾರೋ ನಗ್ತಿದ್ದೀರಿ, ಕೇಳಿಸ್ತಿದೆ. ನೀರು ಇಳಿಸಿ. ಅಲ್ಲಾನ ಹೆಸರಲ್ಲಿ ನೀರು ಇಳಿಸಿ.' ಆಮೇಲೆ ಒಂದೊಂದೇ ಪದ, ಯಾರೋ ಹಲ್ಲು ಕಡಿದು ಹಾಡಿದ ಹಾಗೆ: 'ಅರ್ಧಚಂದ್ರನ ಮರಳಿ ತಾ, ತುಂಬಲಿ ನಮ್ಮ ಬಾಳು.' ಆಮೇಲೆ: 'ಜರ್ದಾಲು ಹುಳವೇ, ಮನೇಲಿದ್ದೀಯಾ?'

ಆ ಹೆಸರಿನಿಂದ ಅವಳನ್ನು ಕರೆಯುವವನು ಭೂಮಿಯ ಮೇಲೆ ಒಬ್ಬನೇ.

ಮರುದಿನ ಶೆಡ್ಡಿನಲ್ಲಿ ನಜಾಕತ್ ಅವಳ ಮುಖ ನೋಡಿಯೇ ಕೈಯ ಬುಟ್ಟಿ ಕೆಳಗಿಟ್ಟಳು. "ಯಾರದ್ದು ತೋರಿಸ್ದೆ?"

"ಅಣ್ಣಂದು."

"ಅಯ್ಯೋ ಪಾಪಿ."

"ಇದು ಹೀಗಾಗುತ್ತೆ ಅಂತ ನಿಂಗೆ ಹೇಗೆ ಗೊತ್ತಿತ್ತು? ಹೇಳು! ಹೇಗೆ ಗೊತ್ತಿತ್ತು?"

ನಜಾಕತ್ ಕೈಗೆ ಸಿಕ್ಕ ಹುಳುಕು ಹಣ್ಣೊಂದನ್ನು ಎಡಕ್ಕೆ ಎಸೆದಳು. "ನಾನು ದಿನಾ ಯಾಕೆ ಒಳಗೆ ಹೋಗ್ತೀನಿ ಅನ್ಕೊಂಡಿದ್ದೆ? ಆಟಕ್ಕಾ? ನನ್ನ ಗಂಡ ದೂರದೂರಲ್ಲಿ ಕಳೆದುಹೋದ ಅಂತ ಊರೆಲ್ಲಾ ಹೇಳುತ್ತೆ. ಅವನು ಎಲ್ಲಿದಾನೆ ಅಂತ ನಂಗೊಬ್ಬಳಿಗೇ ಗೊತ್ತು. ನಾನೂ ಅವನ ರೊಟ್ಟೀನೇ ತೋರಿಸಿದ್ದೆ." ಅವಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಏಳು ಕೂಗು ಅಷ್ಟೇ. ಆಮೇಲೆ ಹಗ್ಗ ಮೇಲೆ ಎಳ್ಕೋತಾರೆ. ಈಗ ಅವನು ಎರಡೇ ಪದ ಹೇಳ್ತಾನೆ. ಹಗ್ಗ ಎಲ್ಲಿ. ಹಗ್ಗ ಎಲ್ಲಿ."

"ಏಳರೊಳಗೆ ಬಿಡಿಸೋಕೆ ಆಗ್ತಿತ್ತಾ?"

"ಅವನ ಪಾಲನ್ನ ಯಾರು ಪೂರ್ತಿ ತಿಂತಾರೋ ಅವರು ಅವನ ಜಾಗಕ್ಕೆ ಹೋಗ್ಬೇಕು."

"ನೀನು ತಿನ್ನಲಿಲ್ಲ."

"ಮೂರು ಮಕ್ಕಳು ಕಣೇ ನಂಗೆ." ಅವಳ ದನಿ ಒಣ ಹಣ್ಣಿನಂತೆ ಮುದುಡಿತು. "ಒಂದು ಹೇಳ್ತೀನಿ, ಕೇಳ್ಕೋ. ನೀನು ತಿನ್ನೋದೇ ಆದ್ರೆ, ಮೊದ್ಲು ನಿನ್ನದೊಂದು ಕಚ್ಚಿ ತೂಗುಹಾಕು. ನಿಮ್ಮ ಮನೆ ಒಲೇದು, ನಿಮ್ಮಮ್ಮನ ಅಚ್ಚಿಂದು. ಪಾಲಿದ್ರೆ ದಾರಿ ಇರುತ್ತೆ. ನಿಮ್ಮಮ್ಮ ಕರೀತಾ ಇದ್ರೆ ಯಾವತ್ತೋ ಒಂದಿನ ಹಗ್ಗ ಇಳಿದೀತು. ಪಾಲಿಲ್ಲದೋರನ್ನ ಯಾವ ದಾರೀನೂ ಹುಡುಕಲ್ಲ."

ಮಂಗಳವಾರ ಏಳನೇ ಕೂಗು. ಗುರುವಾರ ಬೇಯಿಸಿದ ರೊಟ್ಟಿಯೆಲ್ಲ ಮುಗಿದು ಡಬ್ಬಿ ಖಾಲಿಯಾಗಿತ್ತು.

"ಅಮ್ಮ, ಇವತ್ತು ಒಲೆ ಹಚ್ಚು," ಎಂದಳು ಅಂಜುರತ್ ಬೆಳಗ್ಗೆಯೇ.

"ಯಾರಿಗೆ ತಿನ್ನೋಕೆ?"

"ನಂಗೆ. ನಂಗೆ ಹಸಿವು ಅಮ್ಮ."

ಮಗಳು ಹಸಿವೆಂದರೆ ತಾಯಿ ಕೂತಿರಲಾರಳು. ಆದರೆ ಹಿಟ್ಟು ಚಳಿಗೆ ಉಬ್ಬಲಿಲ್ಲ. ಕಟ್ಟಿಗೆ ಹಸಿ ಹಸಿಯಾಗಿ ಹೊಗೆಯಾಡಿತು. ಮಧ್ಯಾಹ್ನ ಕಳೆಯಿತು, ಇಳಿಹೊತ್ತಿನ ಅಸರ್ ನಮಾಜೂ ಕಳೆಯಿತು. ಅಂಗಳದ ತಂದೂರದ ಬಾಯಲ್ಲಿ ಅಮ್ಮ ಬಗ್ಗಿ ಕೆಂಡ ಸರಿಮಾಡುತ್ತಲೇ ಇದ್ದಳು. ಗೋಡೆಯ ನೆರಳು ಅವಳ ಕಾಲಿನವರೆಗೆ ಬಂತು. ಫೋನಿನಲ್ಲಿ ಕೆಳಕೋಣೆಯ ಮಾತು ಕಡಿಮೆಯಾಗುತ್ತ ಹೋಗಿತ್ತು. ಮೊನ್ನೆ ಸಾಲುಗಳು, ನಿನ್ನೆ ಪದಗಳು, ಇವತ್ತು ಬರೀ 'ಹ' ಎಂಬ ಒಂದಕ್ಷರ, ಕೆಮ್ಮಿನಂತೆ.

ಇನ್ನು ಕಾಯುವಂತಿರಲಿಲ್ಲ. ಮೂರು ವರ್ಷದ ರೊಟ್ಟಿಯನ್ನು ಒಂದು ಗಳಿಗೆಯಲ್ಲಿ ತಿಂದು ಮುಗಿಸಲಾಗದು. ಈಗಲೇ ತಿನ್ನಲು ಶುರುಮಾಡಿ ಒಂದೇ ಒಂದು ಚೂರು ಉಳಿಸಿಕೊಳ್ಳುವುದು. ಬಿಸಿ ರೊಟ್ಟಿ ಬಂದೊಡನೆ ಅದನ್ನು ಕಚ್ಚಿ ಮೊಳೆಗೆ ಹಾಕುವುದು. ಕೊನೆಗೆ ಆ ಚೂರನ್ನು ನುಂಗುವುದು. ಹೀಗೆ ಲೆಕ್ಕ ಹಾಕಿ ಅವಳು ಮೊಳೆಯಿಂದ ರೊಟ್ಟಿ ಇಳಿಸಿ, ಬಿಸ್ಮಿಲ್ಲಾ ಎಂದು ಕಲ್ಲಿನಂಥ ಅಂಚಿಗೆ ಹಲ್ಲಿಟ್ಟಳು.

ಮೊದಲ ತುತ್ತಿಗೇ ವಸಡು ಹರಿಯಿತು. ಮಣ್ಣಿನ ರುಚಿ, ರಕ್ತದ ಉಪ್ಪು, ಆಮೇಲೆ ಗಂಧಕ. ಒಂದೊಂದು ತುತ್ತು ಒಳಗಿಳಿದಂತೆ ಕೋಣೆಯ ಬೆಳಕು ಒಂದೊಂದು ಬೆರಳು ಕುಗ್ಗಿತು. ಏಳೆಸಳ ಹೂವಿನ ಎಸಳುಗಳು ಒಂದಾದ ಮೇಲೊಂದು ಹೋದವು. ಗೋಡೆಗಳು ಹತ್ತಿರ ಬಂದವು. ಕಾಲಡಿಯ ಹಾಸು ಒದ್ದೆಯಾಯಿತು. ಎಲ್ಲೋ ಆಳದಲ್ಲಿ ಯಾರೋ ಉಸಿರೆಳೆದುಕೊಂಡರು, ಬಹಳ ಹೊತ್ತು ಮುಳುಗಿದವನು ತಲೆಯೆತ್ತಿದಂತೆ. ಫೋನು ಮಿನುಗಿತು: 'ಹಗ್ಗ ಕಾಣ್ತಿದೆ!'

ಉಳಿದದ್ದು ಒಂದು ಚೂರು. ಅಣ್ಣನ ಹಲ್ಲಿನ ದಿಣ್ಣೆಯಿದ್ದ ಚೂರು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಬಿಗಿಯಾಗಿ ಹಿಡಿದಳು. ಬಾಯಿ ಮುಚ್ಚಿಕೊಂಡಳು. ತುಟಿ ಕಚ್ಚಿಕೊಂಡಳು.

ಅಂಗಳದಿಂದ ರೊಟ್ಟಿಯ ಘಮ ಬಂತು. ಬಿಸಿ, ಎಳ್ಳಿನ, ಸುಟ್ಟ ತಳದ ಘಮ. ಅಮ್ಮನ ಚಪ್ಪಲಿಯ ಸದ್ದು.

"ಅಂಜುರತ್! ಬಾಗಿಲು ತೆಗಿಯೇ, ಕೈ ಸುಡ್ತಿದೆ!"

ಅವಳು ಬೆಚ್ಚಿ ಎದ್ದಳು.

ಚೂರು ಜಾರಿತು. ನೆಲಕ್ಕೆ ಬಿತ್ತು.

ರೊಟ್ಟಿ ನೆಲದಲ್ಲಿರಬಾರದು.

ಅವಳು ಯೋಚಿಸಲಿಲ್ಲ. ಯೋಚಿಸಲು ಹೊತ್ತಿರಲಿಲ್ಲ. ಕೈ ತಾನಾಗಿ ಬಾಗಿತು. ಎತ್ತಿತು. ತುಟಿಗೆ ಮುಟ್ಟಿಸಿತು. ಹಣೆಗೆ ಒತ್ತಿತು.

ಬಾಯಿಗೆ ಹಾಕಿತು.

ಬಾಗಿಲಿಗೆ ನಾಲ್ಕು ಹೆಜ್ಜೆ. ಅವಳು ಓಡಿದಳು. ಒಂದು. ಕೈ ಚಾಚಿದಳು. ಎರಡು. ಅಮ್ಮ ತಾನೇ ನೂಕಿ ಬಾಗಿಲು ತೆರೆದಳು, ಕೈಯಲ್ಲಿ ದುಂಡಗೆ, ಕೆಂಪಗೆ, ಹಬೆಯಾಡುವ ರೊಟ್ಟಿ. ಮೂರು. ಅದರ ಬಿಸಿ ಅವಳ ತುಟಿಗೆ ತಾಗಿತು.

ನಾಲ್ಕನೆಯ ಹೆಜ್ಜೆಗೆ ನೆಲವಿರಲಿಲ್ಲ.

ಖುರ್ಸಂದ್ ನವ್ರೋಜ್‌ಗೂ ಮೊದಲೇ ಮನೆಗೆ ಬಂದ. ರಷ್ಯಾದಲ್ಲೇ ಊರಾಚೆ ಹಿಮದಲ್ಲಿ ಬರಿಗಾಲಲ್ಲಿ ಸಿಕ್ಕನೆಂದು ಜೊತೆಗಾರರು ರೈಲು ಹತ್ತಿಸಿ ಕಳಿಸಿದ್ದರು. ಅವನ ಮೈಯಿಂದ ಗಂಧಕದ ವಾಸನೆ ಹೋಗುವುದಿಲ್ಲ. ಸಂಜೆಯಾದರೆ ಅವನು ತಂಗಿಯ ಫೋನು ಹಿಡಿದು ಮೂಲೆಯಲ್ಲಿ ಕೂರುತ್ತಾನೆ. ಕೆಳಕೋಣೆಯ ಹೊಸ ಕೈದಿ ಬಹಳ ಚೆನ್ನಾಗಿ ಬರೆಯುತ್ತಾಳೆಂದು ಗುಂಪಿನಲ್ಲಿ ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದರು. ಅದೂ ಏಳು ಸಂಜೆಯ ಮಾತು. ಈಗ ಅವಳು ಹೇಳುವುದು ಎರಡೇ ಪದ.

ಆ ದಿನದ ರೊಟ್ಟಿಯನ್ನು ಅಮ್ಮ ಮೊಳೆಗೆ ತೂಗುಹಾಕಿದ್ದಾಳೆ. ಏಳೆಸಳ ಹೂವು ಹಾಗೇ ಇದೆ, ಅಂಚು ಹಾಗೇ ಇದೆ. ಯಾರ ಹಲ್ಲೂ ತಾಗದ ತುಂಬು ರೊಟ್ಟಿ. ಬೆಳಗಿನ ನಮಾಜಿನ ಬಳಿಕ ಅವಳು ಅದನ್ನು ಮುಟ್ಟಿ ಬೈತು ಶುರುಮಾಡುತ್ತಾಳೆ. ಬಹಳ ಕೆಳಗೆ, ಕತ್ತಲಲ್ಲಿ, ಗೋಡೆಗೆ ಕಿವಿಯಿಟ್ಟವಳಿಗೆ ಅದು ಕೇಳಿಸುತ್ತದೆ.

"ಹೋದವಳ ಪಾಲುಂಟು ಗೋಡೆಯಲಿ, ದಾರಿಯೇ ಕೇಳು;
ಅರ್ಧಚಂದ್ರನ..."

ಅಲ್ಲಿಗೆ ಅಮ್ಮ ರೊಟ್ಟಿಯ ಕಡೆ ನೋಡುತ್ತಾಳೆ. ಮುಂದಿನದನ್ನು ಹೇಳುವುದಿಲ್ಲ.