ಬೆಣ್ಣೆ ಹಾಕದ ಊಟ

"ಈ ಸೂಪಿನಲ್ಲಿ ಮಾಂಸ ಇದೆಯಾ?"

ಹಾಗೆ ಕೇಳಿದವನ ಗಡ್ಡದಿಂದ ಮಳೆನೀರು ತೊಟ್ಟಿಕ್ಕುತ್ತಿತ್ತು. ಸ್ಕಾಟ್ಲೆಂಡಿನ ಟೈರೀ ದ್ವೀಪದ ಬಂದರುಕಟ್ಟೆಯ ಪಕ್ಕದಲ್ಲಿ ಮೊರಾಗ್ ನಡೆಸುತ್ತಿದ್ದ ಪುಟ್ಟ ಊಟದಂಗಡಿಯ ಕಿಟಕಿಯೊಳಗೆ ಅವನು ಅರ್ಧ ತಲೆ ತೂರಿಸಿದ್ದ. ಗಾಳಿ ಉಳಿದರ್ಧವನ್ನು ಎಳೆದುಕೊಂಡು ಹೋಗುವಂತಿತ್ತು.

ಮೊರಾಗ್ ಹಿಂದುಗಡೆ ಏಡಿ ಬಿಡಿಸುತ್ತಾ ಕೂತಿದ್ದಳು. ಉತ್ತರ ಕೊಟ್ಟವನು ಅವಳ ಅಪ್ಪ ಡೂಗಲ್.

"ಮಾಂಸ ಎಲ್ಲಿಂದ ಬರಬೇಕು? ಬರೀ ಬಟಾಣಿ ಕಣಯ್ಯ. ಬಿಸಿಬಿಸಿ ಇದೆ, ಕುಡಿ."

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕುಡಿದ. ಮತ್ತೊಂದು ಚಮಚ ಎತ್ತಿದಾಗ ಅದರಿಂದ ಗುಲಾಬಿ ಬಣ್ಣದ ಎಳೆಯೊಂದು ನೇತಾಡಿತು.

"ಇದು?"

"ಅದಾ? ಹಂದಿ ಕಾಲು. ರುಚಿಗೆ ಅಂತ ಒಂದು ಹಾಕ್ತೀವಿ. ಅದನ್ನೂ ಮಾಂಸ ಅಂದ್ರೆ ಹೇಗೆ?"

ಮೊರಾಗ್ ಏಡಿ ಬಿಟ್ಟು ಓಡಿಬಂದಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡಳು. ಅವನು ಬಟ್ಟಲನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, "ನಾನು ಸರಿಯಾಗಿ ಕೇಳಬೇಕಿತ್ತು. ನಾನು ವೀಗನ್," ಎಂದ.

"ಹಾಗಂದ್ರೆ?" ಎಂದ ಡೂಗಲ್.

"ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಮುಟ್ಟಲ್ಲ."

"ಬೆಣ್ಣೆ?"

"ಇಲ್ಲ."

"ಬೆಣ್ಣೇನೂ ಇಲ್ವಾ!" ಡೂಗಲ್ ಸಾವಿನ ಸುದ್ದಿ ಕೇಳಿದವನಂತೆ ಟೊಪ್ಪಿ ತೆಗೆದ. "ಡಾಕ್ಟ್ರು ಹೇಳಿದ್ರಾ?"

"ಯಾರೂ ಹೇಳಿಲ್ಲ. ನಾನೇ ಬಿಟ್ಟೆ."

"ನೀನಾಗೇ?"

ಮೊರಾಗ್‌ಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುತ್ತಲೇ ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವಳು ತನ್ನ ಕೆನ್ನೆ ಮುಟ್ಟಿಕೊಂಡಳು. ಏಡಿ ಚಿಪ್ಪಿನ ಚೂರು ಅಂಟಿತ್ತು. ಚಿಪ್ಪು ಹೋಯಿತು, ಅವನ ನೋಟ ಮಾತ್ರ ಒಂದು ಕ್ಷಣ ಅಲ್ಲೇ ಉಳಿಯಿತು. ಮೊರಾಗ್ ಸುಮ್ಮನೆ ಒಲೆಯ ಕಡೆ ತಿರುಗಿದಳು.

ಅವನ ಹೆಸರು ಇನ್ನೆಸ್. ಡಂಡೀ ನಗರದಲ್ಲಿ ಬಸ್ ಓಡಿಸುವವನು. ರಜೆಗೆಂದು ಸೈಕಲ್ ಮತ್ತು ಡೇರೆ ಕಟ್ಟಿಕೊಂಡು ಬಂದಿದ್ದ. ಬಿರುಗಾಳಿಗೆ ಡೇರೆಯ ಕೋಲು ಮುರಿದಿತ್ತು, ಆಚೆ ದಡದ ಓಬನ್‌ನಿಂದ ಬರುವ ಹಡಗು ನಿಂತಿತ್ತು. ಹಡಗು ನಿಂತರೆ ದ್ವೀಪದ ಅಂಗಡಿಗೆ ಸಾಮಾನೂ ಬರುವುದಿಲ್ಲ. ಬ್ರೆಡ್ಡು, ಹಣ್ಣು, ಡಬ್ಬಿಯ ಬೀನ್ಸ್ ಎಲ್ಲ ಖಾಲಿ. ಉಳಿದಿದ್ದು ಸಾಸೇಜು ಮತ್ತು ಹುಟ್ಟುಹಬ್ಬದ ಮೇಣದಬತ್ತಿ.

"ಮೇಣದಬತ್ತಿ ತಿಂದು ಬದುಕ್ತೀಯಾ?" ಎಂದ ಡೂಗಲ್. ಹಂದಿ ಕಾಲಿನ ವಿಷಯ ಒಳಗೊಳಗೇ ಅವನನ್ನು ಚುಚ್ಚುತ್ತಿತ್ತು. "ನಡಿ ಮನೆಗೆ. ನಮ್ಮನೇಲಿ ಯಾರೂ ಹಸ್ಕೊಂಡು ಮಲಗಿಲ್ಲ. ನಿನ್ನಿಂದ ಶುರುವಾಗೋದು ಬೇಡ."

ಮಾತು ಕೊಟ್ಟವನು ಅಪ್ಪ, ಅಡುಗೆ ಮಾಡಬೇಕಾದವಳು ಮಗಳು. ಕುರಿ ಸಾಕುವ ಮನೆ ಅದು. ಬಾಣಲೆಗೆ ಮೊದಲು ಬೀಳುತ್ತಿದ್ದುದೇ ಕೊಬ್ಬು. ಮೊರಾಗ್ ಕಪಾಟು ತೆರೆದು ಬಹಳ ಹೊತ್ತು ನಿಂತಳು. ಆಲೂಗಡ್ಡೆ, ಟರ್ನಿಪ್, ಈರುಳ್ಳಿ, ಬಾರ್ಲಿ, ಓಟ್ಸ್. ಹಿತ್ತಲಲ್ಲಿ ಗಾಳಿಗೆ ಮಲಗಿದ್ದರೂ ಬದುಕಿದ್ದ ಕೇಲ್ ಸೊಪ್ಪು. ಇಷ್ಟೊಂದು ಇದೆಯಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ನೀರಿನಲ್ಲಿ ಓಟ್ಸ್ ಗಂಜಿ ಕಾಸಿ, ಉಪ್ಪು ಹಾಕಿ ಅವನ ಮುಂದಿಟ್ಟಳು.

"ತುಂಬಾ ಥ್ಯಾಂಕ್ಸ್," ಎಂದ ಇನ್ನೆಸ್.

"ಬರೀ ಗಂಜಿಗೂ ಥ್ಯಾಂಕ್ಸ್ ಹೇಳ್ತಾರಾ ನಿಮ್ಮೂರಲ್ಲಿ?"

"ಗಂಜಿಗಲ್ಲ. ನಿಮ್ಮಪ್ಪನ ಹಾಲಿಗೆ ಅದ್ದಿದ ಚಮಚ ತೊಳೆದು ಬೇರೆ ಇಟ್ರಲ್ಲ, ಅದಕ್ಕೆ."

ಅವಳು ಅಂಗಡಿಗೆ ಹೊರಟಳು. ದಾರಿಯುದ್ದಕ್ಕೂ ಆ ಮಾತು ಜೊತೆಗೇ ಬಂತು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲೂ ಅಂಗಡಿಯಲ್ಲೂ ಬೇಯಿಸಿದ್ದು ಅವಳೇ. ಎಲ್ಲರೂ ತಿಂದರು, ಬಾಯಿ ಒರೆಸಿಕೊಂಡು ಹೋದರು. ಅವಳ ಕೈ ಏನು ಮಾಡುತ್ತಿದೆ ಎಂದು ನೋಡಿದವರಿರಲಿಲ್ಲ.

ಅಜ್ಜಿ ಮಾಡುತ್ತಿದ್ದ ಸಾರು ನೆನಪಾಗಿ, ಸಮುದ್ರದ ನೀರು ಇಳಿದ ಹೊತ್ತಿಗೆ ಡಲ್ಸ್ ಎಂಬ ಕೆಂಪು ಕಡಲಸೊಪ್ಪನ್ನು ಕೀಳಲು ಅವನನ್ನು ಬಂಡೆಗಳ ಹತ್ತಿರ ಕರೆದೊಯ್ದಳು.

"ಇದನ್ನ ತಿನ್ನಬಹುದಾ?" ಅವನು ಒಂದು ಎಸಳನ್ನು ಬೆಳಕಿಗೆ ಹಿಡಿದ.

"ನಿಮ್ಮನ್ನ ಕೊಲ್ಲಬೇಕಾದ್ರೆ ಇಷ್ಟು ದೂರ ಯಾಕೆ ಕರ್ಕೊಂಡು ಬರ್ತಿದ್ದೆ? ಸೂಪಲ್ಲೇ ಮುಗಿಸ್ತಿದ್ದೆ."

ಅವನು ನಗಲು ಹೋಗಿ ಜಾರಿದ. ಅವಳು ತೋಳು ಹಿಡಿದಳು. ಒದ್ದೆ ಉಣ್ಣೆಯೊಳಗೆ ಬೆಚ್ಚಗಿದ್ದ ತೋಳು. ಇಬ್ಬರೂ ಗಟ್ಟಿಯಾಗಿ ನಿಂತ ಮೇಲೂ ಅವಳ ಬೆರಳುಗಳು ಬಿಡುವುದನ್ನು ಸ್ವಲ್ಪ ಮರೆತವು. ಗಾಳಿ ಅವಳ ಕೂದಲನ್ನು ಅವನ ಮುಖಕ್ಕೆ ಎರಚಿತು. ಅವನು ಸರಿಸಲಿಲ್ಲ.

ಆ ದಿನ ಕಡಲಸೊಪ್ಪು, ಬಾರ್ಲಿ, ಆಲೂಗಡ್ಡೆಯ ಸಾರು. ಎಣ್ಣೆ ಹಾಕಿ ತಟ್ಟಿದ ಓಟ್ಸ್ ರೊಟ್ಟಿ. ಡೂಗಲ್ ಮೂಗು ಮುರಿಯುತ್ತಲೇ ಕೂತ, ಮತ್ತೆ ಮತ್ತೆ ಬಡಿಸಿಕೊಂಡ. "ಇದು ನಮ್ಮವ್ವನ ಸಾರು ಕಣೇ," ಎಂದವನ ದನಿ ಒದ್ದೆಯಾಗಿತ್ತು. "ಕೊಬ್ಬು ಕೊಳ್ಳೋಕೆ ಗತಿ ಇಲ್ಲದ ಕಾಲದಲ್ಲಿ ಮಾಡ್ತಿದ್ಲು. ಮರೆತೇ ಹೋಗಿತ್ತು."

ಗಾಳಿ ಇನ್ನೂ ನಿಂತಿರಲಿಲ್ಲ. ಮರಿ ಹಾಕಲಿದ್ದ ಕುರಿಯೊಂದು ಚರಂಡಿಗೆ ಬೆನ್ನು ಕೆಳಗಾಗಿ ಬಿದ್ದಿತು. ಡೂಗಲ್ ಕೂಗುವಷ್ಟರಲ್ಲಿ ಇನ್ನೆಸ್ ಸೊಂಟದವರೆಗಿನ ಕೆಸರಿಗೆ ಇಳಿದಿದ್ದ. ಕುರಿಯ ಗದ್ದದ ಕೆಳಗೊಂದು ಕೈ, ತೊಡೆಗೊಂದು ಕೈ ಕೊಟ್ಟು, ಏನೋ ಪಿಸುಗುಟ್ಟುತ್ತಾ ಮೆಲ್ಲಗೆ ಹೊರಳಿಸಿ ಎತ್ತಿದ.

"ಬಸ್ ಡ್ರೈವರ್ ಹೀಗೆ ಕುರಿ ಹಿಡಿಯಲ್ಲ," ಎಂದ ಡೂಗಲ್, ಮನೆಗೆ ಬಂದು ಮೇಜಿನ ಮುಂದೆ ಕೂತ ಮೇಲೆ. "ಯಾರು ನೀನು?"

ಇನ್ನೆಸ್ ಚಹಾದ ಲೋಟ ಕೆಳಗಿಟ್ಟ. "ಮೊದಲು ಲಾರಿ ಓಡಿಸ್ತಿದ್ದೆ. ಓಬನ್ ಸಂತೆಯಿಂದ ಕುರಿಗಳನ್ನ ಕಸಾಯಿಖಾನೆಗೆ. ನಿಮ್ಮವೂ ಇದ್ದಿರಬಹುದು."

ಮೊರಾಗ್ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಅವಳು ಬೆಳೆದದ್ದು ಆ ಕುರಿಗಳ ದುಡ್ಡಿನಲ್ಲಿ. ಇವನು ಈಗ ಒಂದು ಮಾತು ತಪ್ಪಾಡಿದರೆ ಅಪ್ಪ ಬಾಗಿಲು ತೋರಿಸುತ್ತಾನೆ. ಅಪ್ಪ ತೋರಿಸಿದ ಬಾಗಿಲು ದಾಟಿ ಅವನ ಹಿಂದೆ ಹೋಗಲು ಅವಳಿಂದಾಗದು.

"ಕುರಿ ಹತ್ತಿಸೋಕೆ ಕೋಲು ಬಳಸ್ತಿದ್ಯಾ?" ಡೂಗಲ್ ಕೇಳಿದ.

"ಇಲ್ಲ. ಹೆಸರಿಟ್ಟು ಕರೀತಿದ್ದೆ. ದಾರೀಲಿ ಹೆದರಬಾರದು ಅಂತ. ಅಲ್ಲೇ ಕೆಟ್ಟಿದ್ದು. ಹೆಸರಿಟ್ಟ ಮೇಲೆ ತಿನ್ನೋಕಾಗಲಿಲ್ಲ, ಓಡಿಸೋಕೂ ಆಗಲಿಲ್ಲ." ಅವನು ತಲೆ ಎತ್ತಿದ. "ನೀವು ಮಾಡೋದು ತಪ್ಪು ಅಂತ ಹೇಳ್ತಿಲ್ಲ. ನನ್ನ ಕೈಲಾಗಲಿಲ್ಲ, ಅಷ್ಟೇ."

ಡೂಗಲ್ ಕಿಟಕಿಯಾಚೆಯ ಹುಲ್ಲುಗಾವಲಿನ ಕಡೆ ತಿರುಗಿದ. "ಕುರಿಗಳು ಹಡಗು ಹತ್ತೋ ದಿನ ನಾನು ಬಂದರಿಗೆ ಹೋಗಲ್ಲ," ಎಂದ. "ಪಕ್ಕದ ಮನೆಯವನನ್ನ ಕಳಿಸ್ತೀನಿ. ಸೊಂಟ ನೋವು ಅಂತ ಸುಳ್ಳು ಹೇಳ್ತೀನಿ. ಮೊರಾಗ್‌ಗೂ ಗೊತ್ತಿಲ್ಲ."

ಮೊರಾಗ್ ಅಪ್ಪನ ಹೆಗಲ ಮೇಲೆ ಕೈಯಿಟ್ಟಳು. ಮೇಜಿನಾಚೆ ಇನ್ನೆಸ್‌ನ ಕಣ್ಣು ತುಂಬಿತ್ತು. ಈ ಒರಟು ಮುದುಕನ ಬಾಯಿಂದ ಇಂಥ ಮಾತು ಹೊರಡಿಸಿದವನಿಗೆ ಏನು ಕೊಟ್ಟರೂ ಕಡಿಮೆ ಎನಿಸಿತು ಅವಳಿಗೆ.

ಸಂಜೆಗೆ ಕುರಿ ಮರಿ ಹಾಕಿತು. ಆಮೇಲೆ ಗಾಳಿಯೂ ನಿಂತಿತು, ಹಡಗು ಬಂತು.

ಬಂದರಿನಲ್ಲಿ ಮೊರಾಗ್ ಅವನ ಕೈಗೆ ರೊಟ್ಟಿಯ ಪೊಟ್ಟಣ ಕೊಟ್ಟಳು. ಡೂಗಲ್ ದೂರದಲ್ಲಿ ವ್ಯಾನಿನೊಳಗೆ ಕೂತು ಸಮುದ್ರ ನೋಡುವವನಂತೆ ನಟಿಸುತ್ತಿದ್ದ.

"ಅಪ್ಪ ಕುರಿ ಬಿಡಲ್ಲ," ಎಂದಳು ಅವಳು ಇದ್ದಕ್ಕಿದ್ದಂತೆ. "ನಾನೂ ಏಡಿ ಬಿಟ್ರೆ ಅಂಗಡಿ ಮುಚ್ಚಬೇಕು."

"ಬಿಡು ಅಂತ ನಾನು ಯಾವತ್ತಾದ್ರೂ ಅಂದ್ನಾ?"

"ಇಲ್ಲ. ಅದೇ ಕಷ್ಟ ಆಗಿರೋದು. ಅಂದಿದ್ರೆ ಜಗಳ ಆಡಿ ಕಳಿಸಿಬಿಡ್ತಿದ್ದೆ. ಈಗ ಹೇಗೆ ಕಳಿಸ್ಲಿ ನಿನ್ನ?"

ಇನ್ನೆಸ್ ಸೈಕಲ್ಲನ್ನು ಕಂಬಕ್ಕೆ ಒರಗಿಸಿದ. "ಮೊರಾಗ್, ಎಷ್ಟೋ ವರ್ಷದಿಂದ ಅಡುಗೆಮನೇಲಿ ನಿಂತ್ಕೊಂಡೇ ಡಬ್ಬಿಯಿಂದ ತಿಂದಿದ್ದೀನಿ. ಗೆಳೆಯರ ಮನೇಲಿ ನನ್ನ ಊಟ ಅಂದ್ರೆ ಒಂದು ತಲೆನೋವು. ನೀನು ನನ್ನನ್ನ ಕೂರಿಸಿ ಬಡಿಸಿದೆ. ನನಗೆ ನಿನ್ನ ಕಂಡ್ರೆ ತುಂಬಾ ಇಷ್ಟ. ಸಾರಿಗೋಸ್ಕರ ಅಲ್ಲ."

"ಸ್ವಲ್ಪನೂ ಅಲ್ವಾ?"

"ಸ್ವಲ್ಪ ಸಾರಿಗೂ ಹೌದು."

ಅವಳ ನಗುವಿನೊಳಗೆ ಅಳು ಬಂತು. ಅಷ್ಟರಲ್ಲಿ ವ್ಯಾನಿನ ಕಿಟಕಿ ಇಳಿಯಿತು.

"ಏಯ್ ಡ್ರೈವರ್! ನಮ್ಮೂರ ಸ್ಕೂಲ್ ಬಸ್ ಓಡಿಸೋ ಹೆಕ್ಟರ್‌ಗೆ ಕಣ್ಣು ಮಂಜಾಗಿದೆಯಂತೆ. ಬೇಸಿಗೆ ರಜೆ ಆದ ಮೇಲೆ ಓಡಿಸಲ್ಲ ಅಂತಿದ್ದ. ನನಗೇನೂ ಆಗಬೇಕಾಗಿಲ್ಲ, ಸುಮ್ನೆ ಹೇಳಿದೆ!" ಎಂದವನೇ ಡೂಗಲ್ ಕಿಟಕಿ ಏರಿಸಿಕೊಂಡ.

ಮೊರಾಗ್ ಇನ್ನೆಸ್‌ನ ಕೋಟಿನ ಕಾಲರು ಹಿಡಿದು ಬಗ್ಗಿಸಿಕೊಂಡಳು. ಮುತ್ತು ಉಪ್ಪುಪ್ಪಾಗಿತ್ತು. ಹಗ್ಗ ಬಿಚ್ಚುತ್ತಿದ್ದ ಹಡಗಿನವನು ಕೆಮ್ಮಿದ.

"ಆಯ್ತಾ ಅಕ್ಕ? ಕರ್ಕೊಂಡು ಹೋಗಲಾ?"

"ಹೋಗು. ವಾಪಸ್ ತರೋದು ನಿನ್ನ ಜವಾಬ್ದಾರಿ."

ಆಗಸ್ಟಿನಲ್ಲಿ ಶಾಲೆ ತೆರೆಯುವ ಮುನ್ನ ಇನ್ನೆಸ್ ಬಂದ. ಹಡಗು ಕೊಲ್ಲಿಯೊಳಗೆ ತಿರುಗುವಾಗ ಮಧ್ಯಾಹ್ನದ ಊಟದ ಹೊತ್ತು. ಅಂಗಡಿಯ ಮುಂದೆ ಉದ್ದ ಸಾಲು. ಮೊರಾಗ್ ಸೌಟು ಕೆಳಗಿಟ್ಟು, ಏಪ್ರನ್ ಬಿಚ್ಚಿ, ಯಾರಿಗೂ ಏನೂ ಹೇಳದೆ ಬಂದರಿನ ಕಡೆ ನಡೆದುಬಿಟ್ಟಳು. ಸಾಲಿನಲ್ಲಿದ್ದವರು ಬದಿಗೆ ಸರಿದು ಅವಳಿಗೆ ದಾರಿ ಬಿಟ್ಟರು. ಹಸಿದಿದ್ದರೂ ಒಬ್ಬರೂ ಗೊಣಗಲಿಲ್ಲ.