ಭುಜವಿದ್ದ ಟಾಂಕಿ

ಪೆಟ್ಟಿಗೆ ಅಂಗಳಕ್ಕೆ ಬಂದು ಅರ್ಧ ಗಂಟೆಯಾಗುವುದರೊಳಗೆ ಲಿಡ್ವಿನಳ ಮನೆಗೆ ಮೂರು ಮಂದಿ ಅಳುತ್ತ ಬಂದರು.

ಮುಂದೆ ಆಚೆಮನೆಯ ರೋಸಲಿನ್ ಬಾಯಿ. ತಲೆಗೆ ಕಪ್ಪು ವಸ್ತ್ರ, ಕೈಯಲ್ಲಿ ಜಪಮಾಲೆ. ಹಿಂದೆ ಅವರ ತಂಗಿ. ಕೊನೆಯಲ್ಲಿ, ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡ ಸ್ಟ್ಯಾನಿಸ್ಲಾಸ್ ಮಾಮ.

ಅಂಗಳದ ನಡುವೆ ಹಲಸಿನ ಮರದ ಶವಪೆಟ್ಟಿಗೆ ಇತ್ತು. ಅದರೊಳಗೆ ಕುಳಿತು, ಹತ್ತು ವರ್ಷದ ಲಿಡ್ವಿನ್ ಚಿಂದಿ ಬಟ್ಟೆಯಿಂದ ಧೂಳು ಒರೆಸುತ್ತಿದ್ದಳು.

"ಯಾರು ಹೋದದ್ದು ಮಗಾ?" ರೋಸಲಿನ್ ಬಾಯಿ ಮೂಗೆಳೆದುಕೊಂಡು ಕೇಳಿದರು.

"ಯಾರೂ ಹೋಗಲಿಲ್ಲ ಬಾಯಿ. ಇದು ಮೀನಿನ ಟಾಂಕಿ."

ಅಳು ನಿಂತಿತು. ಆದರೆ ಅಳುವುದಕ್ಕೆಂದು ತೆರೆದ ಬಾಯಿಗಳು ಹಾಗೆಯೇ ಉಳಿದವು.

ಸಂಗತಿ ಹೀಗಿತ್ತು. ಮೀನು ಮಾರುವ ಅಮ್ಮಣ್ಣಿ ಮೂರು ತಿಂಗಳ ಹಿಂದೆ ಕಾಪುವಿನ ತವರಿನಿಂದ ಬರುವಾಗ ಲಿಡ್ವಿನಳಿಗೆ ಒಂದು ವಿಚಿತ್ರ ಉಡುಗೊರೆ ತಂದಿದ್ದಳು. ಸಮುದ್ರದ ಬಂಡೆಗಳ ನಡುವಿನ ಹೊಂಡದಲ್ಲಿ ಸಿಕ್ಕಿದ ಒಂದು ನೀಲಿ ಮರಿಮೀನು, ಶಂಖವನ್ನು ಹೊತ್ತು ತಿರುಗುವ ಒಂದು ಏಡಿ, ಕಲ್ಲಿಗೆ ಅಂಟಿಕೊಂಡೇ ಬಂದಿದ್ದ ಒಂದು ಕಡಲಹೂವು. ಮುಟ್ಟಿದರೆ ಮುದುಡುವ, ಬಿಟ್ಟರೆ ಅರಳುವ ಆ ಹೂವು ನಿಜವಾಗಿ ಒಂದು ಜೀವಿ ಎಂದು ತಿಳಿದ ದಿನ ಲಿಡ್ವಿನ್ ಊಟವನ್ನೇ ಮರೆತಿದ್ದಳು.

ಇವೆಲ್ಲ ಮಿಠಾಯಿಯ ಗಾಜಿನ ಭರಣಿಯೊಂದರಲ್ಲಿ ವಾಸವಾಗಿದ್ದವು. ಕಳೆದ ವಾರ ಬೆಕ್ಕು ಭರಣಿಯನ್ನು ದೂಡಿತು. ಒಡೆಯಲಿಲ್ಲ, ಬಿರುಕು ಬಿಟ್ಟಿತು. ಲಿಡ್ವಿನ್ ಮೇಣದಬತ್ತಿ ಕರಗಿಸಿ ಬಿರುಕಿಗೆ ಮೆತ್ತಿದಳು. ಆದರೂ ನೀರು ದಿನದಿನಕ್ಕೆ ಇಳಿಯುತ್ತಿತ್ತು. ದೊಡ್ಡ ಮನೆ ಸಿಗದಿದ್ದರೆ ಮೂರೂ ಜೀವಗಳು ಉಳಿಯುವಂತಿರಲಿಲ್ಲ.

ಆಗ ಅವಳು ಕಜೆಟನ್ ಅಜ್ಜನ ಮುಂದೆ ನಿಂತು ಅತ್ತಳು. ಅಜ್ಜ ಕಲ್ಯಾಣಪುರದ ಬಡಗಿ. ನಲವತ್ತು ವರ್ಷಗಳಿಂದ ಊರಿನವರ ಕೊನೆಯ ಪೆಟ್ಟಿಗೆಗಳನ್ನೆಲ್ಲ ಮಾಡಿದವರು ಅವರೇ. ಅವರು ಕೊಟ್ಟಿಗೆಯ ಬಾಗಿಲು ಹಾಕಿಕೊಂಡರು. ನಾಲ್ಕು ದಿನ ಗರಗಸ, ಸುತ್ತಿಗೆ, ರಾಳ ಕಾಯಿಸುವ ವಾಸನೆ. ಇಂದು ಬೆಳಿಗ್ಗೆ ಹೊರಗೆ ಬಂದದ್ದು ಇದು: ಒಂದು ಬದಿಗೆ ಹಳೆಯ ಕಪಾಟಿನ ಗಾಜು, ಸಂದುಗಳಿಗೆಲ್ಲ ದೋಣಿಗೆ ತುಂಬುವಂತೆ ಹತ್ತಿ ಮತ್ತು ರಾಳ.

ಸ್ಟ್ಯಾನಿಸ್ಲಾಸ್ ಮಾಮ ಪೆಟ್ಟಿಗೆಗೆ ಒಂದು ಸುತ್ತು ಬಂದರು. ತಲೆಯ ಕಡೆ ಕಿರಿದು, ನಂತರ ಅಗಲ, ಕಾಲಿನ ಕಡೆ ಪುನಃ ಕಿರಿದು.

"ಅಲ್ಲ ಕಜೆಟನ್, ಮೀನಿಗೆ ಭುಜ ಉಂಟಾ ಮಾರಾಯ?"

"ನನ್ನ ಕೈಗೆ ಬೇರೆ ಆಕಾರ ಗೊತ್ತಿಲ್ಲ," ಎಂದರು ಅಜ್ಜ, ಅವರ ಮುಖ ನೋಡದೆ.

ಅಷ್ಟರಲ್ಲಿ ಎತ್ತಿನ ಗಾಡಿಯಲ್ಲಿ ಹತ್ತು ಡಬ್ಬಿ ಸಮುದ್ರದ ನೀರಿನೊಡನೆ ಅಮ್ಮಣ್ಣಿ ಬಂದಳು. ಪೆಟ್ಟಿಗೆಯನ್ನು ಜಗಲಿಗೆ ಏರಿಸಬೇಕಾಗಿತ್ತು. ಅಳಲು ಬಂದವರು ಹೇಗೂ ಇದ್ದರು, ಅವರೇ ಹೊತ್ತರು. ಅಭ್ಯಾಸಬಲದಿಂದ ರೋಸಲಿನ್ ಬಾಯಿ ಪ್ರಾರ್ಥನೆ ಆರಂಭಿಸಿ, ಅರ್ಧದಲ್ಲಿ ನೆನಪಾಗಿ ನಿಲ್ಲಿಸಿದರು.

ಹತ್ತು ಡಬ್ಬಿ ಸುರಿದರೂ ನೀರು ಸಾಲಲಿಲ್ಲ. ಕಲ್ಲನ್ನು ಇಳಿಸಿದರೆ ಕಡಲಹೂವಿನ ತಲೆ ಗಾಳಿಯಲ್ಲಿ ಉಳಿಯುತ್ತಿತ್ತು. ಇನ್ನು ನಾಲ್ಕು ಕೊಡ ಬೇಕು. ಕಲ್ಲು ಕೂರುವ ಮೊದಲು ಮೀನನ್ನು ಬಿಟ್ಟರೆ ಅದು ಕಲ್ಲಿನಡಿ ಸಿಕ್ಕೀತು. ಗಾಡಿ ಹಿಂದೆ ಹೋಗಿಯಾಗಿತ್ತು; ಭರಣಿಯಲ್ಲಿ ಉಳಿದಿದ್ದ ನೀರು ನಾಲ್ಕು ಬೆರಳು.

ಬಾವಿಯ ನೀರಿಗೆ ಉಪ್ಪು ಹಾಕಿದರಾಯಿತು ಎಂದರು ಸ್ಟ್ಯಾನಿಸ್ಲಾಸ್ ಮಾಮ. ಎಷ್ಟು ಹಾಕುವುದು ಎಂಬಲ್ಲಿ ಜಗಳ ಹುಟ್ಟಿತು. ದೊಡ್ಡ ಹಂಡೆಯಲ್ಲಿ ಉಪ್ಪು ಕರಗಿಸಿ, ಸೌಟಿನಲ್ಲಿ ಎಲ್ಲರಿಗೂ ರುಚಿ ನೋಡಲು ಕೊಡಲಾಯಿತು. ಗಂಜಿಗಾದರೆ ಇದು ಸರಿ ಎಂದು ರೋಸಲಿನ್ ಬಾಯಿಯ ತೀರ್ಪು. ಸ್ವಲ್ಪ ಹುಳಿ ಬೇಕು ಎಂದು ಅವರ ತಂಗಿಯ ತಿದ್ದುಪಡಿ.

ಲಿಡ್ವಿನಳ ಕಣ್ಣು ಭರಣಿಯ ಮೇಲಿತ್ತು. ನೀಲಿ ಮೀನು ಓರೆಯಾಗಿ ಈಜತೊಡಗಿತ್ತು.

"ಅಮ್ಮಣ್ಣಿಯಕ್ಕ, ನೀವೇ ಹೇಳಿ. ಬೇಗ."

ಅಮ್ಮಣ್ಣಿ ಇಪ್ಪತ್ತು ಮಳೆಗಾಲಗಳಿಗೆ ಮೀನನ್ನು ಉಪ್ಪಿನಲ್ಲಿಟ್ಟು ಒಣಗಿಸಿದವಳು. ಅವಳು ತನ್ನ ಬಾಯಲ್ಲಿದ್ದ ವೀಳ್ಯವನ್ನು ಉಗಿದು, ಮುಕ್ಕಳಿಸಿ, ಮೊದಲು ಭರಣಿಯ ನೀರನ್ನು ನಾಲಗೆಗೆ ತಾಗಿಸಿದಳು. ಕಣ್ಣು ಮುಚ್ಚಿದಳು. ಬಳಿಕ ಹಂಡೆಯ ನೀರು. "ಇನ್ನೆರಡು ಮುಷ್ಟಿ." ಪುನಃ ಭರಣಿ, ಪುನಃ ಹಂಡೆ. "ಇನ್ನೊಂದು. ನನ್ನ ಮುಷ್ಟಿಯಲ್ಲಿ, ನಿಮ್ಮ ಕ್ರಿಸ್ತಾನ ಪೊರ್ಬುಗಳ ಮುಷ್ಟಿಯಲ್ಲಿ ಅಲ್ಲ." ಆರನೆಯ ಸಲ ಅವಳು ಕಣ್ಣು ತೆರೆದಳು.

"ಇದು ಸಮುದ್ರ," ಎಂದಳು.

ನೀರು ಸುರಿದರು. ಕಲ್ಲು ಇಳಿಯಿತು, ಹಿಂದೆಯೇ ಏಡಿ. ಲಿಡ್ವಿನ್ ಮೀನನ್ನು ಎರಡು ಅಂಗೈಗಳಲ್ಲಿ ಸಾಗಿಸಿ ಬಿಟ್ಟಳು. ಅದು ತಳಕ್ಕೆ ಕುಸಿಯಿತು. ಅಲ್ಲಿಯೇ ಬಹಳ ಹೊತ್ತು ನಿಂತಿತು. ಮತ್ತೆ ಬಾಲ ಬೀಸಿ, ಪೆಟ್ಟಿಗೆಯ ಭುಜದ ಮೂಲೆಯವರೆಗೆ ನೆಟ್ಟಗೆ ಈಜಿಹೋಯಿತು. ರೋಸಲಿನ್ ಬಾಯಿ ಈಗ ನಿಜವಾಗಿ ಅತ್ತರು.

ಸಂಜೆಗೆ ಕಡಲಹೂವು ಅರಳಿತು. ಎಲ್ಲರೂ ಹೋಗಿದ್ದರು. ಅಜ್ಜ ಜಗಲಿಯಲ್ಲಿ ಕುಳಿತು ಏಡಿಯ ನಡಿಗೆಯನ್ನು ನೋಡುತ್ತಿದ್ದರು. ಲಿಡ್ವಿನ್ ನೆಲಕ್ಕೆ ಕೆನ್ನೆ ಹಚ್ಚಿ, ಎಲ್ಲಿಯಾದರೂ ನೀರು ಜಿನುಗುತ್ತದೆಯೋ ಎಂದು ಪೆಟ್ಟಿಗೆಯ ಸುತ್ತ ಹುಡುಕಿದಳು.

ತಲೆಯ ಕಡೆ, ಹಲಗೆಯ ಕೆಳ ಅಂಚಿನಲ್ಲಿ, ಉಳಿಯಿಂದ ಕೊರೆದ ಸಣ್ಣ ಅಕ್ಷರಗಳಿದ್ದವು. ಅವುಗಳೊಳಗೆ ಧೂಳು ಹಳೆಯದಾಗಿ ಗಟ್ಟಿಯಾಗಿತ್ತು. ಕಜೆಟನ್, ೧೯೫೨. ಇಗರ್ಜಿಯ ಹಿತ್ತಲಲ್ಲಿ ಅಜ್ಜಿಯ ಸಮಾಧಿಯ ಶಿಲುಬೆಯ ಮೇಲೂ ಅದೇ ವರ್ಷ ಬರೆದಿತ್ತು.

ಅವಳು ಮಲಗಿದ್ದಲ್ಲಿಂದಲೇ ಪೆಟ್ಟಿಗೆಯ ಉದ್ದವನ್ನು ನೋಡಿದಳು. ನಂತರ ಅಜ್ಜನನ್ನು, ತಲೆಯಿಂದ ಪಾದದವರೆಗೆ. ಆ ವರ್ಷವೇ ಅಜ್ಜ ತನ್ನ ಅಳತೆಗೆ ಮಾಡಿಟ್ಟುಕೊಂಡ ಪೆಟ್ಟಿಗೆ ಇದು.

ಎದ್ದು ಒಳಗೆ ಹೋಗಿ, ಭರಣಿಗೆ ಮೆತ್ತಿದ್ದ ಮೇಣವನ್ನು ಕಿತ್ತು ತಂದಳು. ಬೆರಳುಗಳಲ್ಲಿ ಮೆದುಮಾಡಿ ಅಕ್ಷರಗಳ ಮೇಲೆ ಒತ್ತಿದಳು. ಒಂದೂ ಕಾಣದಂತಾಗುವವರೆಗೆ ಒತ್ತಿದಳು.

"ಎಂತ ಮಾಡ್ತಿದ್ದಿ?" ಅಜ್ಜ ಕೇಳಿದರು.

"ಇಲ್ಲಿ ಸ್ವಲ್ಪ ನೀರು ಜಿನುಗುತ್ತಿತ್ತು ಅಜ್ಜ."

ಅಜ್ಜ ಅವಳ ಕೈಯನ್ನು ನೋಡಿದರು, ಒಣಗಿದ ನೆಲವನ್ನು ನೋಡಿದರು.

"ಈಗ ನಿಂತಿತಾ?"

"ನಿಂತಿತು."

ಲಿಡ್ವಿನ್ ತನ್ನ ಮಣೆಯನ್ನು ಎಳೆದು ತಂದು, ಅಜ್ಜನ ಮೊಣಕಾಲಿಗೆ ತಾಗುವಂತೆ ಹಾಕಿಕೊಂಡು ಕುಳಿತಳು.